ಬೀಜದ ಮರ

"ಇದರ ಹೆಸರು?"

ಹುಲಿಗೆಮ್ಮ ಕತ್ತಿಯ ತುದಿಯಿಂದ ಕಾಂಡದ ಮೇಲಿನ ಪಾಚಿ ಕೆರೆದಳು. ತೊಗಟೆಯನ್ನು ಉಗುರಿನಷ್ಟು ಎಬ್ಬಿಸಿ ಮೂಸಿ, "ಕಾಡುದಾಲ್ಚಿನ್ನಿ, ಸಾಹೇಬ್ರೆ" ಎಂದಳು.

"ಆಚೆಯದ್ದು?"

"ನೇರಳೆ. ಹೊಳೆಬದೀದಲ್ಲ, ಬೆಟ್ಟದ್ದು. ಇದ್ರ ತೊಗಟೆ ಒಗರು ಜಾಸ್ತಿ."

ಫಾರೆಸ್ಟರ್ ಮಂಜುನಾಥಪ್ಪ ತೇವದಿಂದ ಮೆತ್ತಗಾಗಿದ್ದ ಪುಸ್ತಕದಲ್ಲಿ ಬರೆದುಕೊಂಡ. ಹೊತ್ತು ಹತ್ತು ಗಂಟೆ ದಾಟಿದ್ದರೂ ಕೊಡಚಾದ್ರಿಯ ನೆತ್ತಿ ಬಿಟ್ಟು ಮೋಡ ಸರಿದಿರಲಿಲ್ಲ. ಗಿಡ್ಡ ಮರಗಳ ತಲೆ ಕೂಡ ಯಾರಿಗೂ ಕಾಣುತ್ತಿರಲಿಲ್ಲ. ಎಲೆ ನೋಡಿ ಹೆಸರು ಹೇಳುವವರಿಂದ ಅಲ್ಲಿ ಉಪಯೋಗವಿರಲಿಲ್ಲ. ಅದಕ್ಕೇ ಗಾರ್ಡ್ ಪುಟ್ಟಪ್ಪ ಅವಳನ್ನು ಕರೆತಂದಿದ್ದ. ಗಂಡ ಕನ್ನಪ್ಪನ ಹಿಂದೆ ಜೇನಿಗೆ, ಉಪ್ಪಾಗೆ ಹಣ್ಣಿಗೆ, ಧೂಪದ ಕಾಯಿಗೆ ಎಂದು ಹದಿನೈದು ವರ್ಷ ಈ ಬೆಟ್ಟ ತಿರುಗಿದವಳು ಅವಳು. ಕನ್ನಪ್ಪ ಸತ್ತು ಒಂದೂವರೆ ವರ್ಷವಾಗಿತ್ತು.

ಅದು ಅರವತ್ಮೂರನೆಯ ಇಸವಿ. ಪ್ಲೈವುಡ್ಡಿಗೆ ಎಷ್ಟು ಮರ ಸಿಕ್ಕೀತೆಂದು ಇಲಾಖೆ ಲೆಕ್ಕ ತೆಗೆಸುತ್ತಿತ್ತು. ಹಗ್ಗ ಕಟ್ಟಿ ಒಂದು ಚೌಕ ಮಾಡುವುದು, ಅದರೊಳಗೆ ತೋಳಿಗಿಂತ ದಪ್ಪವಿದ್ದ ಮರಗಳನ್ನೆಲ್ಲ ಅಳೆದು ಹೆಸರು ಬರೆಯುವುದು. ದೊಡ್ಡ ಜಾತಿಯ ಮರಗಳಿಗೆ ತೊಗಟೆ ಕೆತ್ತಿ ಕಡಿಯುವ ಮುದ್ರೆ ಒತ್ತಬೇಕು. ಆದರೆ ಜಾತಿಗೊಂದನ್ನು ಬೀಜಕ್ಕೆಂದು ಬಿಡಬೇಕು.

ನೆತ್ತಿಯ ಚೌಕದಲ್ಲಿ ಮುದ್ರೆಗೆ ಕೆಲಸವೇ ಬರಲಿಲ್ಲ. ಗಾಳಿಗೆ ಬಾಗಿ ಬೆಳೆದ ಗಿಡ್ಡ ಮರಗಳು, ಮೈತುಂಬ ಪಾಚಿ. ಮಂಜುನಾಥಪ್ಪ ಪುಟ ಮಗುಚಿ ಎಣಿಸಿ ಬೆರಗಾದ.

"ಇಷ್ಟು ಜಾಗದಲ್ಲಿ ಮೂವತ್ತೆಂಟು ಜಾತಿ! ನಮ್ಮ ಆನಂದಪುರದ ಕಡೆ ಇಡೀ ಗುಡ್ಡ ಹುಡುಕಿದ್ರೂ ಇಷ್ಟು ಸಿಗಲ್ಲ."

"ಇನ್ನೆರಡಕ್ಕೆ ನಂಗೆ ಹೆಸ್ರು ಗೊತ್ತಿಲ್ಲ," ಎಂದಳು ಹುಲಿಗೆಮ್ಮ.

ಎರಡನೆಯ ಚೌಕ ಕೆಳಗಿನ ಹಳ್ಳದ ತಗ್ಗಿನಲ್ಲಿತ್ತು. ಇಳಿಯುತ್ತ ಹೋದಂತೆ ಮರಗಳು ನೆಟ್ಟಗಾದವು. ಬೈನೆ ಮರಗಳ ತಲೆಯ ಮೇಲೆ ರಾಮಪತ್ರೆ, ಅದರ ಮೇಲೆ ಹೆಬ್ಬಲಸು, ಎಲ್ಲವನ್ನೂ ದಾಟಿ ಮೋಡದೊಳಕ್ಕೆ ಹೋದ ಎರಡು ಧೂಪದ ಮರಗಳು. ಹುಲಿಗೆಮ್ಮ ಹಗ್ಗದ ಹೊರಗೇ ನಿಂತಳು. ದೊಡ್ಡ ಧೂಪದ ಮೈಯಲ್ಲಿ ಬಿದಿರಿನ ಗೂಟಗಳು ಒಂದರ ಮೇಲೊಂದು ಏರಿದ್ದವು. ಜೇನಿಗೆ ಹತ್ತಲು ಕನ್ನಪ್ಪ ಹೊಡೆದ ಗೂಟಗಳು. ಮೂರಾಳೆತ್ತರದ ಮೇಲೆ ಒಂದು ಗೂಟದ ಜಾಗದಲ್ಲಿ ಬರೀ ತೂತಿತ್ತು.

ಪುಟ್ಟಪ್ಪ ಫಾರೆಸ್ಟರನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಇದೇ ಮರ ಸಾರ್. ಇವ್ಳ ಗಂಡ ಬಿದ್ದಿದ್ದು" ಎಂದ.

ಮಂಜುನಾಥಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ, "ಹುಲಿಗೆಮ್ಮ, ಎರಡರಲ್ಲಿ ಒಂದನ್ನ ಬೀಜಕ್ಕೆ ಬಿಡಬೇಕು. ಯಾವುದನ್ನ ಅಂತ ನೀನೇ ಹೇಳು. ನೀನು ಹೇಳಿದ ಹಾಗೆ ಬರೀತೀನಿ," ಎಂದ.

ಬೆಳಿಗ್ಗೆ ಹೊರಡುವಾಗ ಅತ್ತೆ ದುಗ್ಗಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಆ ಮರನ ಮೊದ್ಲು ಕಡ್ಸು. ಅದು ಬಿದ್ದ ಸುದ್ದಿ ತಂದು ಹೇಳು ನಂಗೆ," ಎಂದಿದ್ದಳು. ಮಗ ಹೋದ ಮೇಲೆ ಮುದುಕಿ ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದೇ ಇಲ್ಲ.

"ಗೂಟದ್ದನ್ನ ಕಡೀರಿ," ಎಂದಳು ಹುಲಿಗೆಮ್ಮ.

ಪುಟ್ಟಪ್ಪ ಕೊಡಲಿ ಬೀಸಿದ. ಅಂಗೈಯಗಲದ ತೊಗಟೆ ಹಾರಿ ಅವಳ ಕಾಲ ಹತ್ತಿರ ಬಿತ್ತು. ಬಿಳಿಯ ಗಾಯದಲ್ಲಿ ಅಂಟು ಮೆಲ್ಲಗೆ ಒಸರತೊಡಗಿತು. ಅವಳಿಗೆ ಸಮಾಧಾನವಾಗಬೇಕಿತ್ತು. ತೊಗಟೆಯ ಚೂರನ್ನು ನೋಡುತ್ತ ನಿಂತವಳ ಕಣ್ಣು ಅದರ ಸುತ್ತಲಿನ ನೆಲಕ್ಕೆ ಹೋಯಿತು. ಮೊಣಕಾಲೆತ್ತರದ ಧೂಪದ ಸಸಿಗಳು, ಸೊಂಟದೆತ್ತರದವು, ಬೆರಳುದ್ದದ ಈ ವರ್ಷದವು. ಹಳ್ಳದವರೆಗೂ ಇದ್ದವು.

ಪುಟ್ಟಪ್ಪ ಮುದ್ರೆಯ ಸುತ್ತಿಗೆ ಎತ್ತಿದ್ದ.

"ತಡೀರಿ, ಪುಟ್ಟಪ್ಪಣ್ಣ."

ಅವಳು ಇನ್ನೊಂದು ಧೂಪದ ಹತ್ತಿರ ಹೋಗಿ ಕತ್ತಿಯ ಬೆನ್ನಿನಿಂದ ತಟ್ಟಿದಳು. ಡೊಬ್ ಎಂದಿತು.

"ಇದು ಪೊಳ್ಳು. ಕಾಯಿ ಬಿಟ್ಟು ಆರು ವರ್ಷ ಆಯ್ತು. ನಾನೇ ಪ್ರತಿ ಮಳೆಗಾಲ ಬಂದು ನೋಡಿದೀನಿ."

"ಹಾಗಾದ್ರೆ?" ಎಂದ ಮಂಜುನಾಥಪ್ಪ.

"ಈ ಸಸಿ ಇಷ್ಟೂ ಗೂಟದ ಮರದ್ದು." ಅವಳು ಕತ್ತಿಯಿಂದ ಹಳ್ಳದವರೆಗೂ ತೋರಿಸಿದಳು. "ಅದನ್ನ ಬಿಡಿ, ಸಾಹೇಬ್ರೆ."

"ಯೋಚನೆ ಮಾಡಿ ಹೇಳ್ತಿದೀಯಾ?"

"ಯೋಚ್ನೆ ಮಾಡಿದ್ರೆ ಕಡೀರಿ ಅಂತೀನಿ. ಬೇಗ ಬರ್ಕಳಿ."

ಅವನು ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದ. ಹುಲಿಗೆಮ್ಮ ಹಳ್ಳದ ಕೆಸರು ಮೆತ್ತಿ ಮರದ ಗಾಯ ಮುಚ್ಚಿದಳು. ಆಮೇಲೆ ಮರಕ್ಕೆ ಬೆನ್ನು ಕೊಟ್ಟು ಕೂತು, ಗಂಡನಿಗೆ ಮಣ್ಣು ಕೊಟ್ಟ ದಿನವೂ ಅಳದಷ್ಟು ಅತ್ತಳು. ಗಂಡಸರಿಬ್ಬರೂ ಹಗ್ಗ ಸುತ್ತುವ ನೆಪದಲ್ಲಿ ದೂರ ಹೋದರು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ದುಗ್ಗಮ್ಮ ಜಗಲಿಯಲ್ಲೇ ಇದ್ದಳು.

"ಗುರ್ತು ಹಾಕಿದ್ರಾ?"

"ಇಲ್ಲ ಅತ್ತೆ."

"ಯಾರು ಬ್ಯಾಡ ಅಂದಿದ್ದು?"

"ನಾನೇ. ಅದ್ರ ಬುಡದಿಂದ ಹಳ್ಳದವರ್ಗೂ ಸಸಿ ಎದ್ದಾವೆ."

ಮುದುಕಿ ಅವಳನ್ನು ದಿಟ್ಟಿಸಿ ನೋಡಿ ಎದ್ದು ಒಳಗೆ ಹೋದಳು. ಹುಲಿಗೆಮ್ಮ ಜಗಲಿಯ ಅಂಚಿನಲ್ಲಿ ಕೂತಳು. ರಕ್ತ ಹೀರುವ ಇಂಬಳ ಕಚ್ಚಿದ ಕಡೆಯೆಲ್ಲ ಕಾಲಿನಿಂದ ರಕ್ತ ಇಳಿದು ಒಣಗಿತ್ತು. ಒಳಗಿನಿಂದ ಬೈಗುಳ ಬಂದೀತೆಂದು, ಅಳು ಬಂದೀತೆಂದು ಅವಳು ಕಾದಳು.

ದುಗ್ಗಮ್ಮ ಬಿಸಿನೀರಿನ ಚೆಂಬು ಹಿಡಿದು ಹೊರಗೆ ಬಂದಳು. ಸೊಸೆಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಅವಳ ಕಾಲಿನ ಮೇಲೆ ಸಣ್ಣಗೆ ನೀರು ಬಿಟ್ಟಳು. ಕೆಸರೂ ರಕ್ತವೂ ಅಂಗಳಕ್ಕೆ ಹರಿದವು. ನೀರು ಮುಗಿದ ಮೇಲೂ ಮುದುಕಿ ಚೆಂಬನ್ನು ಬಾಗಿಸಿಯೇ ಹಿಡಿದಿದ್ದಳು.