ಅಜ್ಜಿ ಸೀನುವ ತನಕ

ನಮ್ಮ ಒಂದೇ ಕೋಣೆಯಲ್ಲಿ ಹನ್ನೊಂದು ಜನ ಇದ್ದೆವು. ಮನೆ ಮಾಲೀಕರ ಲೆಕ್ಕದಲ್ಲಿ ಮಾತ್ರ ನಾಲ್ಕೇ: ಅಜ್ಜಿ, ಅಪ್ಪ, ಅಮ್ಮ, ನಾನು. ಅವರು ಬಾಗಿಲು ತಟ್ಟಿದರೆ ಮಿಕ್ಕ ಏಳು ಜನ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗಬೇಕು. ಬಸ್ ಡ್ರೈವರ್ ಅಣ್ಣ ಮಂಚದ ಕೆಳಗೆ, ಅತ್ತಿಗೆ ಬಚ್ಚಲಿಗೆ, ಅವರ ಅವಳಿ ಹೆಣ್ಣುಮಕ್ಕಳು ಅಡುಗೆ ಕಟ್ಟೆಯ ಪರದೆ ಹಿಂದೆ, ತಂಗಿ ಬೀರುವಿನ ಸಂದಿಗೆ, ನನ್ನ ಹೆಂಡತಿ ಅಟ್ಟಕ್ಕೆ. ಟೈಲರ್ ಸೋದರಮಾವ ನೇತುಹಾಕಿದ ಬಟ್ಟೆಗಳ ನಡುವೆ ಕತ್ತು ಬಗ್ಗಿಸಿ ನಿಂತರೆ ಇಸ್ತ್ರಿ ಕಾಣದ ಅಂಗಿಯೇ ಸರಿ.

ಒಮ್ಮೆ ಮಾಲೀಕರು "ಬೆಂಕಿ, ಬೆಂಕಿ!" ಎಂದು ಕೂಗಿ ಎಲ್ಲರನ್ನೂ ಹೊರಗೆಳೆಯಲು ನೋಡಿದ್ದರು. ಅಂದಿನಿಂದ ಅಜ್ಜಿಯ ಕಟ್ಟಪ್ಪಣೆ: ಯಾರು ಏನೇ ಬಡಕೊಳ್ಳಲಿ, ತಾನು ಸೀನುವ ತನಕ ಒಬ್ಬರೂ ಅಲುಗಾಡಕೂಡದು. ಅಜ್ಜಿಯ ಬಳಿ ನಶ್ಯದ ಡಬ್ಬಿಯಿತ್ತು, ಸೀನಿಗೆ ಬರವಿರಲಿಲ್ಲ.

ನನ್ನ ಮದುವೆಯಾಗಿ ಒಂದು ವರ್ಷ. ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರೆ ಮಾವ ಉತ್ತರ ಕೊಡುತ್ತಿದ್ದರು. ರೋಸಿಹೋಗಿ ವಸತಿ ಇಲಾಖೆಗೆ ಅರ್ಜಿ ಹಾಕಿದೆ. ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಎರಡು ಕೋಣೆಯ ಮನೆ. ಅಧಿಕಾರಿಯೊಬ್ಬರು ಬಂದು ತಲೆ ಎಣಿಸುತ್ತಾರೆ, ಒಂದೇ ಸಲ. ನಾವಿಬ್ಬರೇ ಒಳಗಿದ್ದು ಚಿಲಕ ಹಾಕಿಕೊಳ್ಳುವಂಥ ಒಂದು ಬಾಗಿಲು ಬೇಕೆಂದು ನಾನು ಹಪಹಪಿಸುತ್ತಿದ್ದೆ.

ಆ ದಿನ ಬೆಳಿಗ್ಗೆ ಎಲ್ಲರೂ ತಲೆ ಬಾಚಿ ಸಾಲಾಗಿ ನಿಂತೆವು. ಮರ್ಯಾದಸ್ಥರಂತೆ ಕಾಣಬೇಕೆಂದು ಅಮ್ಮ ನಶ್ಯದ ಡಬ್ಬಿಯನ್ನು ತೊಳೆದು ಬೋರಲು ಹಾಕಿಬಿಟ್ಟಿದ್ದರು.

ಬಾಗಿಲು ಟಕಟಕ ಎಂದಿತು. ಅಧಿಕಾರಿಯನ್ನು ಒಳಗೆ ಕರೆದು ತಿರುಗಿ ನೋಡಿದೆ. ಸದ್ದು ಕೇಳಿದ್ದೇ ತಡ, ಅಭ್ಯಾಸಬಲದಿಂದ ಏಳೂ ಜನ ಮಾಯ!

"ನಾಲ್ಕು ಜನ," ಎನ್ನುತ್ತಾ ಅಧಿಕಾರಿ ತಮ್ಮ ಚೀಲವನ್ನು ಗೂಟಕ್ಕೆ ಸಿಕ್ಕಿಸಿದರು. ಅದು ಮಾವನ ಹೆಬ್ಬೆರಳು. ಮಾವ ಉಸಿರೆತ್ತಲಿಲ್ಲ.

"ಇಲ್ಲ ಸಾರ್, ಹನ್ನೊಂದು! ಅಣ್ಣಾ, ಬಾರೋ! ಮಾವಾ, ಬನ್ನಿ!"

ಯಾರೂ ಬರಲಿಲ್ಲ. ಹೇಳಿದ ಮಾತನ್ನು ಇಷ್ಟು ಚಾಚೂ ತಪ್ಪದೆ ನಮ್ಮ ಮನೆಯವರು ಹಿಂದೆಂದೂ ಪಾಲಿಸಿದವರಲ್ಲ.

"ಯಾರನ್ನ ಕರೀತಿದ್ದೀರಿ?" ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದರು.

"ಅಜ್ಜೀ, ಒಂದ್ಸಲ ಸೀನು ಅಜ್ಜೀ!"

"ಕೇಳಿದಾಗೆಲ್ಲ ಸೀನೋಕೆ ನಾನೇನು ಮೆಷೀನಾ?"

ಅಪ್ಪ ಟವೆಲಿನ ತುದಿ ಹೊಸೆದು ಅಜ್ಜಿಯ ಮೂಗಿಗೆ ತೂರಿಸಿದರು. ಅಜ್ಜಿ ಅವರ ಕೈಗೆ ಒಂದು ಬಾರಿಸಿದರು. ಅಮ್ಮ ಕಾಳುಮೆಣಸಿನ ಪುಡಿ ತಂದು ಉಫ್ ಎಂದು ಊದಿದರು. ಸೀನಿದ್ದು ಅಧಿಕಾರಿ, ಅದೂ ಮೂರು ಸಲ.

ಮಂಚದ ಕೆಳಗಿನಿಂದ ಅಣ್ಣನ ದನಿ ಬಂತು: "ಇದು ಅಜ್ಜಿ ಸೀನಲ್ಲ! ಯಾರೂ ಏಳಬೇಡಿ!"

ಅಜ್ಜಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಪುಡಿ ಮೂಗಿಗೇರಿ ಕೋಣೆ ಅದುರುವಂತೆ ಸೀನಿದರು. ಎಲ್ಲ ಸಂದಿಗಳಿಂದಲೂ ಜನ ಉದುರಿದರು. ಅಧಿಕಾರಿ ನಡುವೆ ಸಿಕ್ಕಿಕೊಂಡು, ಕೈ ಎತ್ತಲಾಗದೆ, ಅಣ್ಣನ ಬೆನ್ನಿನ ಮೇಲೇ ಕಾಗದವಿಟ್ಟು ಹನ್ನೊಂದು ಎಂದು ಬರೆದರು.

"ಇನ್ನೂ ಯಾರಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ಮತ್ತೆ ಬರೋನಲ್ಲ ನಾನು."

ಅಟ್ಟದ ಏಣಿಯ ಮೇಲಿದ್ದ ನನ್ನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದಳು. "ಇನ್ನೊಬ್ರು ಇದ್ದಾರೆ ಸಾರ್. ಮೂರು ವಾರದಿಂದ ಇವರಿಗೆ ಹೇಳ್ಬೇಕು ಅಂತಿದ್ದೆ. ಹೇಳೋಕೆ ಜಾಗಾನೇ ಸಿಗ್ಲಿಲ್ಲ."

ಓಡಿಹೋಗಿ ಅವಳ ಕೈ ಹಿಡಿಯೋಣವೆಂದರೆ ನಮ್ಮಿಬ್ಬರ ನಡುವೆ ಹತ್ತು ಜನ.

ಅಧಿಕಾರಿ ಗುಡುಗಿದರು: "ಇವರಿಬ್ಬರನ್ನ ಬಿಟ್ಟು ಎಲ್ಲರೂ ಆಚೆ ನಡೀರಿ! ಐದು ನಿಮಿಷ ಯಾರೂ ಒಳಗೆ ಬರೋ ಹಾಗಿಲ್ಲ. ಇದು ಇಲಾಖೆ ಆದೇಶ!" ಅಜ್ಜಿಯನ್ನೂ ಬಿಡದೆ ಹೊರಗೆ ಸಾಗಹಾಕಿ, ತಾವೂ ಹೊರಬಂದು ಬಾಗಿಲೆಳೆದುಕೊಂಡು ಕಾವಲು ನಿಂತರು.

ನಾನು ಚಿಲಕ ಹಾಕಿದೆ. ಒಂದು ವರ್ಷದಿಂದ ಕೂಡಿಟ್ಟಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಐದು ನಿಮಿಷವೂ ಇಬ್ಬರೂ ಜೋರಾಗಿ ನಕ್ಕಿದ್ದೇ ಆಯಿತು.