ಬೆಲ್ಲದ ಬಣ್ಣ ಬರುವ ಹೊತ್ತು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜವಳಗೇರಾದ ಹೆಂಗಸರೆಲ್ಲ ಹೇಳುತ್ತಾರೆ. ಹೇಳಲಿ. ಕಮ್ಮಾರನ ಹೆಂಡತಿ ನಾನು, ಅರ್ಧ ಆಯುಷ್ಯ ಬೆಂಕಿಯ ಪಕ್ಕದಲ್ಲಿ ಕೂತವಳು. ತಣ್ಣಗಿರು ಎಂದರೆ ಎಲ್ಲಿಂದ ತರಲಿ? ಆದರೆ ಆ ದಿನ ಮೈಮುನಾಬಿಯ ಮೇಲೆ ಎಗರಿದ್ದಕ್ಕೆ ಬರೀ ಸಿಟ್ಟು ಕಾರಣವಲ್ಲ. ಅವಳು ನನ್ನ ಕುಡುಗೋಲನ್ನು ಒಲೆಯೊಳಗೆ ಹಾಕಿದ್ದಳು.

ಕುಡುಗೋಲು ತಾನೆ, ಹೋದರೆ ಹೋಯಿತು ಎನ್ನಬೇಡಿ. ಮೊದಲು ಕೇಳಿ.

ಕಾಲುವೆ ಅಗೆಯುವ ಕಾಲಕ್ಕೆ ನಾನೂ ನಮ್ಮವರೂ ಗುರುಗುಂಟಾ ಬಿಟ್ಟು ಮಸ್ಕಿ ಕಡೆಯ ಕ್ಯಾಂಪಿಗೆ ಬಂದೆವು. ಕಲ್ಲು ಒಡೆಯುವವರ ಉಳಿ, ಹಾರೆಗಳನ್ನು ಹದ ಮಾಡಿಕೊಡುವ ಕೆಲಸ. ಅಲ್ಲಿ ಕೆಟ್ಟು ಬಿದ್ದ ಲಾರಿಗಳ ಅಡಿಯಲ್ಲಿ ಭಾರ ಹೊರುವ ಕಮಾನಿನ ಪಟ್ಟಿಗಳು ಬೇಕಾದಷ್ಟು ಸಿಗುತ್ತಿದ್ದವು. ನಮ್ಮವರು ಒಂದನ್ನು ಕಾಸಿ, ಬಡಿದು ಉಳಿ ಮಾಡಿ, ಊರಿನಲ್ಲಿ ಮಾಡುವ ಹಾಗೆಯೇ ಕೆಂಪಗಿದ್ದಾಗ ನೀರಿಗೆ ಅದ್ದಿದರು. ಟಿಣ್ ಎಂದು ಸೀಳಿತು. ಇನ್ನೊಂದೂ ಸೀಳಿತು.

"ಇದು ನಮ್ಮೂರ ಕಬ್ಬಿಣ ಅಲ್ಲಬೇ. ಏನೇನೋ ಬೆರಸ್ಯಾರ ಇದರಾಗ. ಇದಕ್ಕ ನೀರು ಆಗಂಗಿಲ್ಲ," ಎಂದರು.

ಆಮೇಲೆ ಔಡಲೆಣ್ಣೆಗೆ ಅದ್ದಿದರು. ಸೀಳಲಿಲ್ಲ, ಆದರೆ ಗಾಜಿನಷ್ಟು ಪೆಡಸಾಯಿತು. ಕೈ ಜಾರಿ ಬಿದ್ದರೆ ಚೂರು. ಆ ಪೆಡಸು ಇಳಿಸಲು ಎರಡನೇ ಸಲ ಕಾಸಬೇಕು, ಅದೂ ಮೆಲ್ಲಗೆ, ಕಾದ ಮರಳಿನ ಮೇಲಿಟ್ಟು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಬಣ್ಣ ಹರಿಯತೊಡಗುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ಬದನೆಕಾಯಿಯದು, ಕೊನೆಗೆ ನೀಲಿ. ಬೆಲ್ಲದ ಬಣ್ಣ ಬಂದಾಗ ತೆಗೆದು ಮತ್ತೆ ಎಣ್ಣೆಗೆ ಅದ್ದಿದರೆ ಅಲಗು ಮುರಿಯುವುದೂ ಇಲ್ಲ, ಮೊಂಡಾಗುವುದೂ ಇಲ್ಲ. ನೀಲಿಗೆ ಬಿಟ್ಟರೆ ಕೆಟ್ಟಿತು.

ಆ ಬಣ್ಣ ನೋಡುವವಳು ನಾನು. ಬೆಂಕಿಯನ್ನೇ ನೋಡಿ ನೋಡಿ ಕಮ್ಮಾರನ ಕಣ್ಣು ಕುಕ್ಕಿರುತ್ತದೆ, ಅವನಿಗೆ ಬೆಲ್ಲ ಯಾವುದು ಬದನೆ ಯಾವುದು ತಿಳಿಯುವುದಿಲ್ಲ. ನಮ್ಮಲ್ಲಿ ತಿದಿ ಊದುವವರು ಮಣ್ಣಿನ ಅಡ್ಡಗೋಡೆಯ ಹಿಂದೆ ಕೂರುತ್ತಾರೆ, ಉರಿ ಅವರ ಕಣ್ಣಿಗೆ ಬೀಳದು. ಊದುವುದು ಮುಗಿಸಿ ನಾನು ನೆರಳಿನ ಕಡೆಯಿಂದ ಬಂದು ಅಲಗಿನ ಮೇಲೆ ಬಗ್ಗುತ್ತಿದ್ದೆ. ಅವರು ಇಕ್ಕಳ ಹಿಡಿದು ಕೇಳುತ್ತಿದ್ದರು, "ಬಂತೇನು?"

"ಇನ್ನಾ ಇಲ್ಲ."

"ಬಂತೇನು?"

"ತಡೀರಿ ಸ್ವಲ್ಪ."

"ಬಂತೇನು?"

"ಬಂತು!"

ಮಾತು ಕಡಿಮೆಯ ಮನುಷ್ಯ. ಇಡೀ ದಿನಕ್ಕೆ ಅವರು ನನ್ನನ್ನು ಕೇಳುತ್ತಿದ್ದದ್ದು ಅದೊಂದೇ. ನನಗೆ ಅಷ್ಟು ಸಾಕಾಗಿತ್ತು.

ಒಂದು ಬೇಸಿಗೆ ಕ್ಯಾಂಪಿನಲ್ಲಿ ವಾಂತಿಭೇದಿ ಹೊಕ್ಕಿತು. ಮುಂಜಾನೆ ಚೆನ್ನಾಗಿದ್ದ ನಮ್ಮವರು ಸಂಜೆಗೆ ಇರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಅಡೆಗಲ್ಲು, ತಿದಿ, ಸುತ್ತಿಗೆ ಎಲ್ಲ ಮೈದುನನ ಮನೆಗೆ ಹೋದವು. ಅವರು ಹದ ಹಾಕಿದ ಉಳಿಗಳು ಮೊಂಡಾಗಿ ಬೇರೆಯವರ ಕುಲುಮೆಗೆ ಹೋದವು. ಒಂದು ಸಲ ಕೆಂಪಗೆ ಕಾದರೆ ಹಳೆಯ ಹದ ಮುಗಿಯಿತು, ಹೊಸದಾಗಿ ಹಾಕಿದವನದು ಅದು. ಹಾಗೆ ಅವರ ಕೈ ಒಂದೊಂದೇ ಕಡೆಯಿಂದ ಅಳಿಸಿಹೋಗುತ್ತಾ ಬಂತು. ನನಗೆಂದು ಕಮಾನಿನ ಪಟ್ಟಿಯಲ್ಲಿ ಮಾಡಿಕೊಟ್ಟಿದ್ದ ಕುಡುಗೋಲಿನಲ್ಲಿ ಮಾತ್ರ ಉಳಿದಿತ್ತು.

ಕಾಲುವೆಯ ನೀರು ಬಂದ ಮೇಲೆ ಜವಳಗೇರಾದಲ್ಲಿ ಭತ್ತವೋ ಭತ್ತ. ಅದೇ ಕುಡುಗೋಲು ಹಿಡಿದು ಕೊಯ್ಲಿಗೆ ಬಂದೆ. ಗಂಡ ಬಿಟ್ಟುಹೋದ ಮೈಮುನಾಬಿ, ನಾನು, ಇಬ್ಬರಿಗೂ ಒಂದೇ ಗುಡಿಸಲು. ಒಂದೇ ಒಲೆಯಾದರೂ ಮಾತು ಅಷ್ಟಕ್ಕಷ್ಟೇ.

ಆ ದಿನ ನಾನು ನೀರು ತರಲು ಹೋಗಿದ್ದೆ. ಬಂದು ನೋಡಿದರೆ ರೊಟ್ಟಿ ಸುಡುವ ಕೆಂಡದೊಳಗೆ ಕುಡುಗೋಲು! ಹಿಡಿಯೊಳಗೆ ಹೋಗುವ ಬಾಲವಷ್ಟೇ ಅಲ್ಲ, ಅಲಗು ಸಮೇತ ಕೆಂಪಗೆ ಬಿದ್ದಿತ್ತು.

"ಹಿಡಿ ಸಡ್ಲ ಆಗಿತ್ತಲ್ಲ ಅಕ್ಕಾ, ಕಾಸಿ ಬ್ಯಾರೆ ಹಿಡ್ಯಾಗ ಇಳಸಾಕ ಇಟ್ಟೀನಿ. ಜಾಲಿ ಕಟಗೀಲೆ ಹೊಸಾದು ಕೆತ್ತೀನಿ ನೋಡಿಲ್ಲಿ," ಎಂದು ಮೈಮುನಾಬಿ ನಗುತ್ತಾ ಹಿಡಿ ತೋರಿಸಿದಳು.

"ನಿನ್ನ ಕೈಗಿಷ್ಟು ಬೆಂಕಿ ಹಚ್ಚ! ಬಾಲ ಕಾಸೂದು ಬಿಟ್ಟು ಅಲಗ ಸುಟ್ಟೀಯಲ್ಲಬೇ! ಯಾರು ಹೇಳಿದ್ರು ನಿನಗ? ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗ ಮಾಡೀಯಲ್ಲ!"

"ಯಾ ಅಲ್ಲಾ, ನನಗ ಗೊತ್ತಿದ್ದಿಲ್ಲಕ್ಕಾ..."

"ಗಂಡ ಯಾಕ ಬಿಟ್ಟುಹೋದಾ ಅಂತ ಈಗ ತಿಳೀತು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಹಿಡಿಯನ್ನು ಮೂಲೆಗಿಟ್ಟಳು. ಅಂದಿನಿಂದ ಅವಳ ರೊಟ್ಟಿ ಅವಳಿಗೆ, ನನ್ನ ರೊಟ್ಟಿ ನನಗೆ.

ಸಿಂಧನೂರ ಸಂತೆಯ ಕುಡುಗೋಲು ಕೊಂಡೆ. ಒಂದು ಮಡಿ ಕೊಯ್ಯುವಷ್ಟರಲ್ಲಿ ಮೊಂಡು. ಕೆಂಡಕ್ಕೆ ಬಿದ್ದ ಕುಡುಗೋಲನ್ನೋ, ಬಟ್ಟೆಯಲ್ಲಿ ಸುತ್ತಿ ತಲೆಯ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ. ಉಗುರಿನಿಂದ ಒತ್ತಿದರೆ ಅಂಚು ಮಣಿಯುತ್ತಿತ್ತು. ಸತ್ತದ್ದನ್ನು ಎಷ್ಟು ದಿನ ತಲೆದಿಂಬು ಮಾಡಿಕೊಳ್ಳಲಿ? ಕೊನೆಗೆ ಔಡಲೆಣ್ಣೆಯ ಗಡಿಗೆ ಹಿಡಿದು ಊರ ಕಮ್ಮಾರ ಯಮನೂರಪ್ಪನ ಕುಲುಮೆಗೆ ಹೋದೆ. ದಾರಿಯುದ್ದಕ್ಕೂ ಒಂದೇ ಸಂಕಟ. ಹದ ಬರದಿದ್ದರೆ ಕುಡುಗೋಲು ಹೋಯಿತು. ಬಂದರೆ, ನಮ್ಮವರ ಕೈಯೇ ಬೇಕಾಗಿರಲಿಲ್ಲ ಎಂದಾಯಿತು. ಯಾವುದನ್ನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

ಯಮನೂರಪ್ಪ ಒಳ್ಳೆಯ ಮನುಷ್ಯ. ತಿರುಗಿಸಿ ನೋಡಿ, "ಕಮಾನಿಂದು. ಎಣ್ಣಿ ತಂದದ್ದು ಚಲೋ ಆತವ್ವ. ನಮ್ಮಾಕಿ ಕೊಯ್ಲಿಗೆ ಹೋಗ್ಯಾಳ, ತಿದಿ ನೀನ ಊದಬೇಕು," ಎಂದ.

ಊದಿದೆ. ಕೈಗೆ ಎಲ್ಲ ನೆನಪಿತ್ತು. ಅವನು ಕಾಸಿ, ಎಣ್ಣೆಗೆ ಅದ್ದಿ, ಅಲಗು ಉಜ್ಜಿ ಬಿಸಿ ಮರಳಿನ ಮೇಲಿಟ್ಟ. ನಾನು ನೆರಳಿನ ಕಡೆಯಿಂದ ಬಂದು ಬಗ್ಗಿದೆ. ಒಣಹುಲ್ಲಿನ ಬಣ್ಣ ಹಿಂಬದಿಯಿಂದ ಅಂಚಿನತ್ತ ತೆವಳುತ್ತಿತ್ತು.

"ಬಂತೇನವ್ವಾ?" ಎಂದ ಯಮನೂರಪ್ಪ.

ಎಲ್ಲ ಕಮ್ಮಾರರೂ ಕೇಳುವ ಮಾತೇ ಅದು. ಆದರೂ ನಮ್ಮವರೇ ಕೇಳಿದಂತಾಯಿತು. "ಇನ್ನಾ ಇಲ್ಲ" ಎನ್ನುವುದನ್ನೂ ಮರೆತು ಅಲಗನ್ನೇ ನೋಡಿದೆ.

"ಬಂತೇನು?"

ಬೆಲ್ಲದ ಬಣ್ಣ ಅಂಚಿಗೆ ಬಂದು ನಿಂತಿತ್ತು. ಸುಮ್ಮನಿದ್ದರೆ ಸಾಕು, ಬದನೆ, ಆಮೇಲೆ ನೀಲಿ. ಅವರ ಕೈಯ ಹಾಗೆ ಇನ್ಯಾರಿಗೂ ಬರುವುದಿಲ್ಲ ಎಂದು ನಾನು ಸಾಯುವ ತನಕ ಹೇಳಿಕೊಂಡು ತಿರುಗಬಹುದಿತ್ತು.

"ಏನವ್ವಾ, ಬಂತೇನು?"

"ಬಂತು!" ಎಂದು ಕಿರುಚಿದೆ. ಕುಡುಗೋಲು ಚುಸ್ಸೆಂದು ಎಣ್ಣೆಗೆ ಇಳಿಯಿತು.

ಮರಳುವ ದಾರಿಯಲ್ಲಿ ಗದ್ದೆಯ ಬದುವಿಗೆ ಕೂತು, ಬಾಲಕ್ಕೆ ಬಟ್ಟೆ ಸುತ್ತಿ ಹಿಡಿದು ಭತ್ತದ ಒಂದು ಹಿಡಿ ಕೊಯ್ದೆ. ಮೊದಲಿನಷ್ಟೇ ಹರಿತ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಅಲ್ಲೇ ಕೂತು ಗೊಳೋ ಎಂದು ಅತ್ತೆ. ಅವರು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಹದ ಕಳೆದುಹೋಗಿರಲಿಲ್ಲ. ಬಣ್ಣ ಗುರುತಿಸುವ ಕಣ್ಣೂ, ಬಂತು ಎನ್ನುವ ಬಾಯಿಯೂ ನನ್ನಲ್ಲೇ ಇದ್ದವು. ಇಲ್ಲದ್ದು ಕೇಳುವ ಮನುಷ್ಯ.

ಗುಡಿಸಲಿಗೆ ಬಂದಾಗ ಮೈಮುನಾಬಿ ಒಲೆಯ ಮುಂದಿದ್ದಳು. ನಾನು ಮೂಲೆಯಲ್ಲಿದ್ದ ಜಾಲಿಯ ಹಿಡಿ ತಂದು ಅವಳ ಮುಂದಿಟ್ಟೆ. ಚಂದವಾಗಿಯೇ ಕೆತ್ತಿದ್ದಳು, ನನ್ನ ಅಂಗೈ ಅಳತೆಗೆ. ಅಲಗಿಗೆ ಹಸಿ ಬಟ್ಟೆ ಸುತ್ತಿ, ಬಾಲವನ್ನಷ್ಟೇ ಕೆಂಡಕ್ಕೆ ಚಾಚಿ, ಕುಡುಗೋಲನ್ನು ಅವಳ ಕೈಗೆ ಕೊಟ್ಟೆ.

"ನಾ ಒಲ್ಲೆ," ಎಂದಳು ಹೆದರಿ.

"ಹಿಡಿಬೇ. ಅವತ್ತ ಆಡಬಾರದ್ದು ಆಡಿದೆ. ನನ್ನ ಬಾಯಿಗೆ ಹದ ಇಲ್ಲ."

ಅವಳು ಹಿಡಿದಳು. ಹೊಗೆಗೆ ಕಣ್ಣಲ್ಲಿ ನೀರು ಬಂದು ಏನೂ ಕಾಣದೆ ನನ್ನ ಕಡೆ ತಿರುಗಿದಳು.

"ಕೆಂಪ ಬಂತೇನಕ್ಕಾ?"

ನಾನು ಬಗ್ಗಿ ನೋಡಿದೆ.

"ಇನ್ನಾ ಇಲ್ಲ," ಎಂದೆ. "ಕೇಳಕೋತ ಇರು."