ಒಂದೇ ದಾರದ ಅಕ್ಕತಂಗಿಯರು

ಮೊದಲ ಏಟು ಬಿದ್ದಾಗ ಅಕ್ಕ ಸೂಜಿಗೆ ನೂಲು ಪೋಣಿಸುತ್ತಿದ್ದಳು. ಅವಳನ್ನು ಯಾರೂ ಮುಟ್ಟಿರಲಿಲ್ಲ. ಆದರೂ ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು.

"ಅಯ್ಯೋ, ಏನಾಯ್ತಮ್ಮಾ?" ಅಂದ ಎದುರಿಗಿದ್ದ ಬಡಗಿ.

"ಏನಿಲ್ಲ ಬಿಡಿ. ನನ್ನ ತಂಗಿ ಕೆಲಸ ಶುರು ಮಾಡಿದಳು, ಅಷ್ಟೆ. ನೀವು ದೀಪ ಹತ್ತಿರ ಹಿಡೀರಿ."

ತಂಗಿಯ ಕೆಲಸ ಮುಷ್ಟಿಕಾಳಗ. ಪಕ್ಕದ ಬೀದಿಯ ಹಳೇ ಗೋದಾಮಿನಲ್ಲಿ ಅಖಾಡ. ಅಕ್ಕನದು ಅಮ್ಮ ಕಲಿಸಿದ ಪುಸ್ತಕ ಕಟ್ಟುವ ಕೆಲಸ. ಆದರೆ ಅವು ಓದುವ ಪುಸ್ತಕಗಳಲ್ಲ. ಒಬ್ಬರ ಉಸಿರು ತಾಗಿಸಿ ಹೊಲಿದರೆ ಪುಸ್ತಕ ಆ ಮೈಗೆ ಅಂಟಿಕೊಂಡುಬಿಡುತ್ತದೆ. ಆಮೇಲೆ ಮೈ ಸೀಳಿದರೆ ಹಾಳೆ ಸೀಳುತ್ತದೆ, ಹಾಳೆ ಹೊಲಿದರೆ ಮೈ ಕೂಡುತ್ತದೆ. ಈಗ ಬೆಂಚಿನ ಮೇಲೆ ಬಡಗಿಯ ಹೆಂಡತಿ ಮಲಗಿದ್ದಳು, ಅವಳ ಸೀಳಿದ ಪುಸ್ತಕ ಅಕ್ಕನ ಮುಂದಿತ್ತು. ಗರಗಸದ ಯಂತ್ರ ಅವಳ ಹೊಟ್ಟೆಯನ್ನು ಪಕ್ಕೆಯವರೆಗೂ ಬಗೆದಿತ್ತು. ಸುತ್ತಿದ ಬಟ್ಟೆ ತೊಯ್ದು ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಕಸುಬಿನಲ್ಲಿ ಒಂದು ರೂಢಿ ಉಂಟು. ಪುಸ್ತಕಗಳನ್ನು ಚೌಕಟ್ಟಿನಲ್ಲಿ ಒಂದರ ಮೇಲೊಂದು ಪೇರಿಸಿ, ಎಲ್ಲಕ್ಕೂ ಸೇರಿಸಿ ಒಂದೇ ಬೆನ್ನುದಾರ ಎಳೆದು ಹೊಲಿಯುವುದು. ಕೊನೆಗೆ ನಡುನಡುವೆ ದಾರ ಕತ್ತರಿಸಿ ಬೇರೆ ಮಾಡುವುದು. ತನ್ನಿಬ್ಬರು ಹೆಣ್ಣುಮಕ್ಕಳ ಪುಸ್ತಕ ಹೊಲಿದ ಅಮ್ಮ ಕತ್ತರಿ ಮಾತ್ರ ಹಾಕಲಿಲ್ಲ. ಕೂಡಿಕೊಂಡೇ ಇರಲಿ ಪಾಪ ಅಂದುಕೊಂಡಳು, ಮಹಾತಾಯಿ. ಅಂದಿನಿಂದ ಒಬ್ಬಳಿಗೆ ಬಿದ್ದ ಏಟು ಇಬ್ಬರಿಗೂ ಅರ್ಧರ್ಧ. ಅರ್ಧ ಏಟು ತಿನ್ನುವವಳನ್ನು ಅಖಾಡದಲ್ಲಿ ಮಲಗಿಸುವವರಾರು? ತಂಗಿ ಗೆದ್ದಳು, ಗೆಲ್ಲುತ್ತಲೇ ಹೋದಳು. ದಾರ ಕತ್ತರಿಸೋಣ ಕಣೇ ಎಂದು ಅಕ್ಕ ಅಂದ ದಿನ ಮನೆ ಬಿಟ್ಟವಳು, ಮತ್ತೆ ಮುಖ ತೋರಿಸಿದ್ದು ಈ ದಿನ ಬೆಳಿಗ್ಗೆಯೇ.

"ಇವತ್ತು ಗೂಳಿ ಜೊತೆ ಇದೆ," ಹೊಸ್ತಿಲಲ್ಲೇ ನಿಂತು ಹೇಳಿದ್ದಳು. ಗೂಳಿ ಅಂದರೆ ಇಬ್ಬರನ್ನು ಅಖಾಡದಲ್ಲೇ ಕೊಂದ ಹೆಂಗಸು. "ದಾರಕ್ಕೆ ಕೈ ಹಾಕಿದೆಯೋ, ನಾನು ಸತ್ತೆ ಅಂದ್ಕೋ."

"ಹಲ್ಲು ನಂದೂ ಉದುರುತ್ತಲ್ಲೇ."

"ನಿಂಗ್ಯಾಕೆ ಹಲ್ಲು? ನಗೋದೇ ಇಲ್ವಲ್ಲ ನೀನು!"

ಈಗ ಎರಡನೇ ಏಟು ಅಕ್ಕನ ಪಕ್ಕೆಗೆ ಬಿತ್ತು. ಸೂಜಿ ಸರ್ರನೆ ಜಾರಿ ಹಾಳೆ ಹೊಸದಾಗಿ ಹರಿಯಿತು. ಬೆಂಚಿನ ಮೇಲಿದ್ದವಳು ಬೆನ್ನು ಬಿಲ್ಲಾಗಿಸಿ ಕಿರುಚಿದಳು. ಬಟ್ಟೆಯ ಕೆಳಗಿಂದ ರಕ್ತ ಬುಳುಬುಳು ಉಕ್ಕಿತು.

"ಅಮ್ಮಾ, ಸ್ವಲ್ಪ ನಿಲ್ಲಿಸಿ!" ಬಡಗಿ ಅಳುತ್ತಿದ್ದ.

"ನಿಲ್ಲಿಸಿದ್ರೆ ಇಲ್ಲೇ ಹೋಗ್ತಾಳಪ್ಪಾ."

ಮೂರನೆಯದು ಕಣ್ಣಿಗೆ. ಒಂದು ಕಣ್ಣು ಊದಿ ಮುಚ್ಚಿಕೊಂಡಿತು. ಸೂಜಿ ಮತ್ತೆ ಜಾರಿತು, ಹೆಂಗಸು ಮತ್ತೆ ಕಿರುಚಿದಳು, ಈ ಸಲ ದನಿ ಸಣ್ಣಗಾಗಿತ್ತು. ಗೂಳಿ ಬೇಗ ಮುಗಿಸುವವಳಲ್ಲ, ಆಡಿಸಿ ಆಡಿಸಿ ಹೊಡೆಯುವವಳು.

ಅಕ್ಕ ಎದ್ದು ಕಪಾಟಿನಿಂದ ಜೋಡಿ ಪುಸ್ತಕ ತಂದಳು. ನಡುವಿನ ದಾರಕ್ಕೆ ಚಾಕು ಇಟ್ಟಳು. ಇದನ್ನು ಕೊಯ್ದರೆ ಮುಂದಿನ ಏಟು ಇಡಿಯಾಗಿ ತಂಗಿಯ ಮೇಲೆ. ಕೊಯ್ಯದಿದ್ದರೆ ಈ ಹೆಂಗಸು ಉಳಿಯುವುದಿಲ್ಲ.

"ಕೈ ಎತ್ಕೊಳ್ಳೇ, ಮುಖ ಕಾಪಾಡ್ಕೊಳ್ಳೇ," ಎಂದು ಗೋದಾಮಿನ ಕಡೆಯ ಗೋಡೆಗೆ ಅರಚಿ, ಕೊಯ್ದಳು.

ಆಮೇಲೆ ಒಂದೂ ಏಟು ಬರಲಿಲ್ಲ. ಹಾಳೆಗೆ ಹಾಳೆ ಕೂಡಿತು, ಹೆಂಗಸಿನ ಉಸಿರು ನೆಟ್ಟಗಾಯಿತು. ಬಡಗಿ ಕಾಲಿಗೆ ಬೀಳಬಂದರೆ ಅಕ್ಕ ಅವನನ್ನು ದಾಟಿಕೊಂಡು ಓಡಿದಳು.

ಗೋದಾಮು ಖಾಲಿಯಾಗಿತ್ತು. ತಂಗಿ ಹಗ್ಗಕ್ಕೆ ಒರಗಿ ಕೂತಿದ್ದಳು. ಮೂಗು ಒಂದು ಪಕ್ಕಕ್ಕೆ ತಿರುಗಿತ್ತು, ಎಡಗೈ ಮೊಳಕೈಯಿಂದ ಕೆಳಗೆ ಜೋತಾಡುತ್ತಿತ್ತು, ಮಡಿಲ ತುಂಬ ರಕ್ತ. ಬದುಕಿದ್ದಳು.

"ಕೊಯ್ದೆ ಅಲ್ವಾ?"

"ಕೊಯ್ದೆ. ಒಂದು ಜೀವ ಹೋಗ್ತಿತ್ತು ಕಣೇ."

"ಇಲ್ಲಿ ಹೋಗ್ತಿದ್ದದ್ದು ಜೀವ ಅಲ್ವೇನೇ?"

ಅಕ್ಕ ಮಂಡಿಯೂರಿ ತಂಗಿಯ ಮೂಗು ಒರೆಸಲು ಸೆರಗು ಚಾಚಿದಳು. ತಂಗಿ ನೆಟ್ಟಗಿದ್ದ ಕೈ ಮುಷ್ಟಿ ಕಟ್ಟಿ, ಇದ್ದ ಬಲವನ್ನೆಲ್ಲ ಹಾಕಿ ಅಕ್ಕನ ದವಡೆಗೆ ಗುದ್ದಿದಳು. ಅಕ್ಕ ಮಕಾಡೆ ಬಿದ್ದಳು, ಒಂದು ಹಲ್ಲು ಉಗುಳಿದಳು.

ಅಭ್ಯಾಸಬಲ, ತಂಗಿ ತನ್ನ ದವಡೆ ಹಿಡಿದುಕೊಂಡು ಕಾದಳು. ತನ್ನ ಪಾಲಿನ ನೋವು ಬರಲಿಲ್ಲ. ಅವಳ ಮುಖ ಅಳಲಿರುವ ಮಗುವಿನ ಮುಖದಂತಾಯಿತು.

"ಅಕ್ಕಾ," ಅಂದಳು, "ನನಗೇನೂ ಗೊತ್ತಾಗಲೇ ಇಲ್ಲ ಕಣೇ. ಜೋರಾಗಿ ಬಿತ್ತಾ?"